ಮುದ್ದಕ್ಕನ ಹೆಬ್ಬೆರಳು

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಮಹಡಿಯ ಮೇಲೆ, ನನ್ನ ಹಳೆಯ ವಿದ್ಯಾರ್ಥಿ ಈರೇಶ ನಡೆಸುವ ವಿಡಿಯೋ ಗೇಮಿನ ಅಂಗಡಿಯಲ್ಲಿ, ಕಾರು ಪಂದ್ಯದ ಅಂತಿಮ ಸುತ್ತಿಗೆ ಮುಖ್ಯ ಅತಿಥಿಯಾಗಿ ಹೋಗಿದ್ದ ನಾನು (ಊರಿನ ಉಳಿದ ಗಣ್ಯರೆಲ್ಲ ಆ ಭಾನುವಾರ ಮದುವೆಗಳಲ್ಲಿದ್ದರು), ದೀಪ ಹಚ್ಚುವ ಬದಲು ಕೈಗಿತ್ತ ಕಂಟ್ರೋಲರನ್ನು ಹಿಡಿದು, ಗೋಡೆಯಗಲದ ಟಿವಿಯಲ್ಲಿ ಓಡುತ್ತಿದ್ದ ಕೆಂಪು ಕಾರನ್ನು ಪೂರಾ ಐದು ನಿಮಿಷ ಅದ್ಭುತವಾಗಿ ಚಲಾಯಿಸಿದೆ. ತಿರುವು ಬಂದಲ್ಲಿ ದೇಹವನ್ನೇ ಓರೆ ಮಾಡಿದೆ. ಎದುರಿನ ಕಾರನ್ನು ಹಿಂದಿಕ್ಕಿದಾಗ ಸಭೆಯತ್ತ ತಿರುಗಿ ಹುಬ್ಬು ಹಾರಿಸಿದೆ. ಸಭೆ ಅಸಹಜವಾದ ಗೌರವದಿಂದ ನೋಡುತ್ತಿತ್ತು. ಆಗ ಬೆನ್ನ ಹಿಂದಿನಿಂದ ಹೆಣ್ಣುದನಿಯೊಂದು, ಹವಾಮಾನ ಹೇಳುವಷ್ಟೇ ನಿರ್ವಿಕಾರವಾಗಿ ಹೇಳಿತು:

"ಸಾರ್, ಅದು ಆಟ ಶುರುವಾಗೋಕೆ ಮುಂಚೆ ತೋರ್ಸೋ ಚಿತ್ರ ರೀ. ಗಾಡಿ ತಾನೇ ಓಡ್ತೈತೆ. ನಿಮ್ಮ ಕೈಯಾಗಿರೋದು ಇನ್ನೂ ಆನ್ ಆಗೇ ಇಲ್ಲ."

ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲು ಹತ್ತಿದವನಂತೆ ಬೆವರುತ್ತ ತಿರುಗಿದೆ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆಕೆಯ ಮುಖವಲ್ಲ, ಹೆಬ್ಬೆರಳು. ಅಕ್ಕಸಾಲಿಗನು ಒರೆಗಲ್ಲಿನ ಮೇಲೆ ಚಿನ್ನವೆಳೆಯುವಷ್ಟು ಗಮನವಿಟ್ಟು ಆಕೆ ಅದನ್ನು ತನ್ನ ಕೆಳತುಟಿಯ ಮೇಲೆ ಈ ಕೊನೆಯಿಂದ ಆ ಕೊನೆಗೆ ಎಳೆಯುತ್ತಿದ್ದಳು.

ಮುದ್ದಕ್ಕ, ವಯಸ್ಸು ಐವತ್ತೆರಡು, ಮೊಳಕಾಲ್ಮೂರಿನ ರೇಷ್ಮೆ ನೇಕಾರ್ತಿ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ; ಅದರ ಎಡಜೇಬಿನಲ್ಲಿ ಫೋನು, ಬಲಜೇಬಿನಲ್ಲಿ ಉಜ್ಜುಗಲ್ಲು. ಬೆರಳಿನ ತೊಗಲು ಒಂದಿಷ್ಟು ಒರಟಾದರೂ ರೇಷ್ಮೆಯ ಎಳೆ ಅದಕ್ಕೆ ಸಿಕ್ಕಿ ನವಿರೆದ್ದು, ನೇಯ್ದ ಸೀರೆಯ ಹೊಳಪೆಲ್ಲ ಮಂಕಾಗುತ್ತದೆಯಂತೆ. ಕೈಗೆ ತಿಳಿಯದ ಒರಟುತನ ತುಟಿಗೆ ತಿಳಿಯುತ್ತದೆ ಎಂಬುದು ಆಕೆಯ ಶಾಸ್ತ್ರ. ಆದ್ದರಿಂದ ಲೋಟ ಹಿಡಿದರೂ, ಬಸ್ಸಿನ ಕಂಬಿ ಹಿಡಿದರೂ, ಕಡೆಗೆ ಮುಖ್ಯ ಅತಿಥಿಗೆ ಕೈ ಮುಗಿದರೂ, ಮರುಕ್ಷಣ ಹೆಬ್ಬೆರಳು ತುಟಿಗೆ ಹೋಗಲೇಬೇಕು.

ಈ ಹೆಬ್ಬೆರಳಿಗೆ ಆಟದ ಹುಚ್ಚು ಹಿಡಿಸಿದವಳು ಚಿತ್ರಾ, ಮುದ್ದಕ್ಕ ಎತ್ತಿ ಆಡಿಸಿ ಬೆಳೆಸಿದ ತಂಗಿಯ ಮಗಳು. ಮಗ್ಗದ ಉದ್ದೆಳೆಗಳ ಒಂದು ಹಾಸು ಮುಗಿದು, ಕೂಲಿಯವರು ಮತ್ತೊಂದರ ಸಾವಿರಾರು ಎಳೆಗಳನ್ನು ಕೂಡಿಸಿ ಮುಗಿಸುವವರೆಗೂ ಮಗ್ಗದ ಮುಂದೆ ಸುಮ್ಮನೆ ಕೂರುತ್ತಿದ್ದ ದೊಡ್ಡವ್ವನ ಚಡಪಡಿಕೆ ನೋಡಲಾರದೆ ಅವಳು ಫೋನಿಗೆ ಕಾರಿನ ಆಟವೊಂದನ್ನು ಹಾಕಿಕೊಟ್ಟಳು. ನನ್ನಂಥವರು ಆ ಗಾಜಿನ ಮೇಲೆ ಬೆರಳಿಟ್ಟರೆ ಬೆವರಿಗೆ ಬೆರಳು ಜಾರಿ, ನೋಡಬೇಕಾದ ರಸ್ತೆಯೇ ಹೆಬ್ಬೆರಳಡಿ ಮುಚ್ಚಿಹೋಗಿ, ಕಾರು ಯಾವುದೋ ಮರದ ಆತಿಥ್ಯ ಸ್ವೀಕರಿಸುತ್ತದೆ. ಮುದ್ದಕ್ಕನ ಬೆರಳಾದರೋ ಹರಳೆಣ್ಣೆಯಲ್ಲಿ ಪಳಗಿದ್ದು. ಮುಟ್ಟಿತೋ ಇಲ್ಲವೋ ಎಂಬಂತೆ ಮುಟ್ಟುತ್ತದೆ. ಇನ್ನು ಆಕೆಯ ಕಾಲು! ಗುಂಡಿಮಗ್ಗದಲ್ಲಿ ಮೂವತ್ತು ವರ್ಷ ದುಡಿದ ಆ ಕಾಲುಗಳು ಕೈಯಾಡುತ್ತಿದ್ದರೆ ತಾವು ಸುಮ್ಮನಿರಲಾರವು. ಕಾರು ತಿರುಗಿದಾಗಲೆಲ್ಲ ಎಡಗಾಲೊಮ್ಮೆ ಬಲಗಾಲೊಮ್ಮೆ ಅಲ್ಲಿಲ್ಲದ ಮಗ್ಗದ ಕಾಲುಮಣೆಯನ್ನು ತುಳಿಯುತ್ತವೆ. ಮನುಷ್ಯರೊಡನೆ ಕನ್ನಡ, ಯಂತ್ರಗಳೊಡನೆ ತೆಲುಗು. "ಪದ, ಪದ," ಎಂದು ಕಾರನ್ನು ಮುಂದೆ ಅಟ್ಟುತ್ತಾಳೆ; "ಮೆಲ್ಲಗಾ, ತಲ್ಲೀ," ಎಂದು ತಿರುವಿನಲ್ಲಿ ಅದಕ್ಕೆ ಬುದ್ಧಿ ಹೇಳುತ್ತಾಳೆ.

ಹೀಗೆ ಮನೆಯಲ್ಲೇ ಕೂತು, ಫೋನಿನಲ್ಲೇ, ಎರಡು ತಾಲ್ಲೂಕುಗಳ ಇಪ್ಪತ್ತಾರು ಜನರನ್ನು ಸೋಲಿಸಿ ಆಕೆ ಅಂತಿಮ ಸುತ್ತಿಗೆ ಬಂದಿದ್ದಳು. ಅಂತಿಮ ಸುತ್ತು ಮಾತ್ರ ಟಿವಿಯ ಮೇಲೆ, ಕಂಟ್ರೋಲರಿನಲ್ಲಿ ಎಂಬುದನ್ನು ಈರೇಶನು ಪ್ರಕಟಣೆಯ ತಳದಲ್ಲಿ ಇರುವೆಗಳಷ್ಟೇ ಓದಬಲ್ಲ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದ.

ಎದುರಾಳಿ ಓಬಳೇಶ, ಹೋದ ವರ್ಷದ ವಿಜೇತ. ಹಾಗಾಗಿ ನೇರವಾಗಿ ಅಂತಿಮ ಸುತ್ತಿಗೆ. ಕೆಳಗಿನ ಮಿಲ್ಲಿನಲ್ಲಿ ಡಬ್ಬಗಳ ಬಿರಡೆ ಬಿಗಿದೂ ಬಿಗಿದೂ ಅವನ ಹೆಬ್ಬೆರಳು ಎಷ್ಟು ಜಡ್ಡುಗಟ್ಟಿದೆಯೆಂದರೆ ಫೋನಿನ ಗಾಜು ಅದನ್ನು ಬೆರಳೆಂದೇ ಒಪ್ಪುವುದಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರವೂ ತಿಂಗಳಿಗೊಮ್ಮೆ ಅವನನ್ನು ಅಪರಿಚಿತನೆಂದು ವಾಪಸು ಕಳಿಸುತ್ತದೆ. ಒತ್ತಿದರೆ ಒತ್ತಿಸಿಕೊಳ್ಳುವ ಕಂಟ್ರೋಲರೊಂದೇ ಅವನನ್ನು ಗುರುತಿಸುವ ಯಂತ್ರ.

"ಏನಕ್ಕ, ಗಾಜು ಸವರೋದು ಮುಗೀತಾ?" ಎಂದು ಅವನು ಹಲ್ಲು ಕಿರಿದ. "ಇದು ಗಂಡಸ್ರು ಹಿಡಿಯೋ ಸಾಮಾನು."

"ಅದಕ್ಕೇ ಇಷ್ಟು ಕೊಳೆ ಆಗೈತೆ," ಎಂದು ಮುದ್ದಕ್ಕ ಸೆರಗಿನಿಂದ ಕಂಟ್ರೋಲರನ್ನು ಒರೆಸತೊಡಗಿದಳು.

ಅಭ್ಯಾಸಕ್ಕೆಂದು ಮುದ್ದಕ್ಕನಿಗೆ ಎರಡು ಸುತ್ತು ಆಡಲು ಬಿಟ್ಟರು. ಕಾರು ಗೋಡೆಗೆ ಬಡಿದಾಗ ಕೈಯಲ್ಲಿದ್ದ ಕಂಟ್ರೋಲರು ಗುರ್ರೆಂದು ನಡುಗಿತು. "ಗುದ್ದಿದ್ದು ನಾನು, ಇದಕ್ಯಾಕಪ್ಪ ಭಯ?" ಎಂದಳು. ಎರಡನೆಯ ಸುತ್ತಿಗಾಗಲೇ ಕೈ ಕುದುರಿತ್ತು, ಕಾಲೂ ತುಳಿಯತೊಡಗಿತ್ತು. ಆದರೆ ಸುತ್ತು ಮುಗಿದದ್ದೇ ಹೆಬ್ಬೆರಳು ತುಟಿಗೆ ಹೋಯಿತು. ತುಟಿಯ ಅರ್ಧ ದಾರಿಯಲ್ಲಿ ತೊಡರಿ ನಿಂತಿತು. ಕಾರು ತಿರುಗಿಸಲು ಕಂಟ್ರೋಲರಿನ ಮೇಲಿದ್ದ ಪುಟ್ಟ ಕೋಲಿನ ತಲೆಯ ಸುತ್ತ, ಬೆರಳು ಜಾರದಿರಲೆಂದು, ಅರದ ಹಲ್ಲಿನಂಥ ಗೀರುಗಳನ್ನು ಕೊರೆದಿದ್ದರು. ಓಬಳೇಶನ ಬೆರಳಿಗೆ ಹಿಡಿತವಾದದ್ದು ಮುದ್ದಕ್ಕನ ಬೆರಳಿಗೆ ಗರಗಸವಾಗಿತ್ತು.

ಆಕೆ ಕಂಟ್ರೋಲರನ್ನು ಕೆಳಗಿಟ್ಟು, ಬಲಜೇಬಿನ ಉಜ್ಜುಗಲ್ಲಿನಿಂದ ಹೆಬ್ಬೆರಳನ್ನು ಉಜ್ಜಿಕೊಂಡಳು. "ಮಗ್ಗದ ಮ್ಯಾಲೆ ಚಿತ್ರಾನ ಧಾರೆ ಸೀರೆ ಐತೆ. ಅರ್ಧ ಬಾಕಿ. ಮದುವೆಗೆ ಇನ್ನ ಹನ್ನೆರಡು ದಿನ. ಇದ್ರಾಗೆ ಆಡಿದ್ರೆ ನನ್ನ ಬೆರಳು ಎಳೆ ಮುಟ್ಟಾಕೆ ಬರಲ್ಲ."

"ದೊಡ್ಡವ್ವ, ಸೀರೆ ಅಂಗಡಿಯಾಗೆ ತಗಂಡರಾಯ್ತು, ನೀನು ಆಡು!" ಎಂದು ಪಕ್ಕದಲ್ಲಿದ್ದ ಚಿತ್ರಾ ಕೂಗಿದಳು. ಮುದ್ದಕ್ಕ ಅವಳನ್ನೊಮ್ಮೆ ನೋಡಿದಳು. ಚಿತ್ರಾ ತನ್ನ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆಳೆದುಕೊಂಡಳು.

ಸೋಲೊಪ್ಪಿದಳೆಂದೇ ಎಲ್ಲರೂ ಎಣಿಸಿದ್ದೆವು. ಆದರೆ ಆಕೆ ರವಿಕೆಯೊಳಗಿನಿಂದ ಕತ್ತರಿಸಿ ಉಳಿದ ರೇಷ್ಮೆಯ ಸಣ್ಣ ಉಂಡೆಯೊಂದನ್ನು ತೆಗೆದು, ಆ ಕೋಲಿನ ತಲೆಗೆ ಒಂದರ ಪಕ್ಕ ಒಂದು ಎಳೆ ಕೂರುವಂತೆ ಸುತ್ತಿ, ನೇಕಾರರಿಗೆ ಮಾತ್ರ ಸಿದ್ಧಿಸಿದ, ಕಣ್ಣಿಗೆ ಕಾಣದ ಗಂಟೊಂದನ್ನು ಹಾಕಿದಳು. ಬದನೆ ಬಣ್ಣದ ಪುಟ್ಟ ಪೇಟ ಸುತ್ತಿಕೊಂಡು ಕಂಟ್ರೋಲರು ನನಗಿಂತ ಹೆಚ್ಚು ಮುಖ್ಯ ಅತಿಥಿಯಂತೆ ಕಂಡಿತು.

ಈರೇಶ ಗಾಬರಿಯಾದ. "ಸಾರ್, ಇದು ನಿಯಮದಾಗೆ ಐತಾ?" ಆನ್ ಆಗದ ಯಂತ್ರವನ್ನು ಐದು ನಿಮಿಷ ಓಡಿಸಿದವನ ತಾಂತ್ರಿಕ ತೀರ್ಪಿಗಾಗಿ ನಲವತ್ತು ಜನ ಕಾದರು. "ಕ್ರೀಡೆಯು ದೇಹಕ್ಕೆ ಹಿತವಾಗಿರತಕ್ಕದ್ದು," ಎಂದು ನಾನು ಗಂಭೀರವಾಗಿ ಅಪ್ಪಣೆ ಕೊಡಿಸಿದೆ. "ಸುತ್ಕಳ್ಳಲಿ ಬಿಡ್ರಿ ಸಾರ್," ಎಂದ ಓಬಳೇಶ, "ಬೇಕಾದ್ರೆ ಕುಪ್ಪಸಾನೂ ಹೊಲಿಸ್ಲಿ."

ಐದು ಸುತ್ತಿನ ಪಂದ್ಯ. ಮೊದಲ ಸುತ್ತಿನಲ್ಲಿ ಮುದ್ದಕ್ಕ ಹಿಂದೆ, ಎರಡರಲ್ಲಿ ಸಮ. ಮೂರರಲ್ಲಿ ಆಕೆಯ ಹಳದಿ ಕಾರು ಓಬಳೇಶನ ನೀಲಿ ಕಾರಿನ ಕಂಕುಳಲ್ಲಿ ತೂರಿ ಮುಂದೆ ಬಂದಾಗ ಮಹಡಿಯ ಹಲಗೆಗಳು ಕುಣಿದವು. ಕೆಳಗಿನ ಗಾಣ ಹೆಚ್ಚು ಸದ್ದು ಮಾಡುತ್ತಿತ್ತೋ ನಾವೋ, ಹೇಳಲಾರೆ. ಓಬಳೇಶ ದವಡೆ ಕಚ್ಚಿ ಕಂಟ್ರೋಲರನ್ನು ಹಿಂಡುತ್ತಿದ್ದ. ಮುದ್ದಕ್ಕ ಎರಡು ಕಾಲುಗಳಿಂದ ಗಾಳಿಯನ್ನು ನೇಯುತ್ತಿದ್ದಳು. "ಪದ! ಪದ!" ಆ ಹೊತ್ತಿಗೆ ನನಗರಿವಿಲ್ಲದೆ ನನ್ನ ಕಾಲೂ ತುಳಿಯುತ್ತಿತ್ತು; ಪಕ್ಕದ ಕುರ್ಚಿಯವರ ಪಾದ ಅದಕ್ಕೆ ಕಾಲುಮಣೆಯಾಗಿತ್ತು. ಐದನೆಯ ಸುತ್ತು; ಮುದ್ದಕ್ಕನಿಗೆ ಒಂದು ಕಾರಿನಷ್ಟು ಮುನ್ನಡೆ; ಉಳಿದದ್ದು ಎರಡೇ ತಿರುವು. ಅಷ್ಟರಲ್ಲಿ ರೇಷ್ಮೆಯ ಪೇಟ ಸಡಿಲಿ ಜಾರಿತು.

"ಒತ್ತು, ದೊಡ್ಡವ್ವ, ಒತ್ತು!"

ಆಕೆ ಒತ್ತಲಿಲ್ಲ. ಕಾದ ಬಾಣಲೆಯಿಂದ ಕೈ ತೆಗೆದಂತೆ ಹೆಬ್ಬೆರಳನ್ನು ಎತ್ತಿಬಿಟ್ಟಳು. ಮಡಿಸಿದ ತೋರುಬೆರಳಿನ ಗಿಣ್ಣಿನಿಂದ ಕೋಲನ್ನು ತಳ್ಳಿ ಮೊದಲ ತಿರುವನ್ನು ಹೇಗೋ ದಾಟಿಸಿದಳು. ಎರಡನೆಯದರಲ್ಲಿ ಕಾರು ಗೋಡೆಯನ್ನು ಸವರಿತು. ನೀಲಿ ಕಾರಿನ ಮೂತಿ, ಬರೀ ಮೂತಿ, ಮುಂದೆ ದಾಟಿತು.

ಗೆದ್ದವನು ಓಬಳೇಶ, ಜನ ಕೂಗಿದ್ದು "ಮುದ್ದಕ್ಕಾ!" ಎಂದು. ಆ ಗದ್ದಲದ ನಡುವೆ ಆಕೆ ಹೆಬ್ಬೆರಳನ್ನು ತುಟಿಯ ಮೇಲೆ ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಎಳೆದಳು. ಈ ಸಲ ಅದು ಎಲ್ಲೂ ನಿಲ್ಲಲಿಲ್ಲ. ಆಮೇಲೆ ಓಬಳೇಶನ ಕೈಹಿಡಿದು, ಕೆಂಪಗೆ ಗೀರು ಬಿದ್ದಿದ್ದ ಅವನ ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿ, ತನ್ನ ಬಲಜೇಬಿನ ಉಜ್ಜುಗಲ್ಲನ್ನು ಅವನ ಅಂಗೈಯಲ್ಲಿಟ್ಟಳು. "ದಿನಾ ಉಜ್ಕಳಪ್ಪ. ರೇಷನ್ ಅಂಗಡಿಯೋರಿಗಾದ್ರೂ ಗುರ್ತು ಸಿಗ್ತೀಯ." ಓಬಳೇಶ ಬಹುಮಾನದ ಕಪ್ಪನ್ನು ಒಂದು ಕೈಯಲ್ಲೂ ಕಲ್ಲನ್ನು ಇನ್ನೊಂದು ಕೈಯಲ್ಲೂ ಹಿಡಿದು, ಯಾವುದನ್ನು ಎತ್ತಿ ತೋರಿಸಬೇಕೆಂದು ತಿಳಿಯದೆ ನಿಂತ.

ಧಾರೆಯ ಹಿಂದಿನ ದಿನ ಮೊಳಕಾಲ್ಮೂರಿಗೆ ಹೋದೆ. ಬದನೆ ಬಣ್ಣದ ಒಡಲು, ಅರಿಶಿನ ಬಣ್ಣದ ಅಂಚು. ಮಡಿಸಿಟ್ಟ ಸೀರೆಗೆ ಕೈಚಾಚಿದವನನ್ನು ಮುದ್ದಕ್ಕ ತಡೆದು, "ಬೆರಳು ತುಟಿಗಿಡ್ರಿ" ಎಂದಳು. ಇಟ್ಟು ಎಳೆದೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳು ಮೂರು ಕಡೆ ನಿಂತಿತು. ದೂರದಿಂದಲೇ ನೋಡಿ ಎಂದು ತೀರ್ಪಾಯಿತು.

ಆಟವೆಂದರೆ ಮೈಮರೆಯುವುದು ಎಂದು ನಂಬಿ ಬದುಕಿದವನು ನಾನು. ಮೈಮರೆತದ್ದು ಹೆಚ್ಚು, ಆಡಿದ್ದು ಕಡಮೆ. ಆದರೆ ನಮ್ಮ ನಡುವೆ ಇಂಥವರೂ ಇದ್ದಾರೆ. ಕಾಲಿನಿಂದ ನೆತ್ತಿಯವರೆಗೆ ಆಟಕ್ಕೆ ತಮ್ಮನ್ನು ಕೊಟ್ಟುಕೊಳ್ಳುತ್ತಾರೆ, ಕೂಗುತ್ತಾರೆ, ಕುಣಿಯುತ್ತಾರೆ, ಗೆಲ್ಲಲೆಂದೇ ಬರುತ್ತಾರೆ. ಹೆಬ್ಬೆರಳಿನಷ್ಟಗಲ ಜಾಗವನ್ನು ಮಾತ್ರ ಯಾವ ಗೆಲುವೂ ಮುಟ್ಟದಂತೆ ಕಾಯ್ದುಕೊಂಡಿರುತ್ತಾರೆ. ಅವರ ಕೈಯ ಕೆಲಸ ನುಣುಪಾಗಿರುವುದು ಬಹುಶಃ ಅದರಿಂದಲೇ.

ಹೊರಡುವ ಮುನ್ನ ಕೇಳಿದೆ: "ಮುದ್ದಕ್ಕ, ನಿಜ ಹೇಳಿ. ಬೆರಳಿಗೆ ಯಾವುದು ಹಿತ, ಫೋನಿನ ಗಾಜೋ, ಆ ಕಂಟ್ರೋಲರೋ?"

ಆಕೆ ಸೀರೆಯ ಮೇಲೆ ಬಿಳಿ ಬಟ್ಟೆ ಹೊದಿಸುತ್ತ, ತಲೆಯೆತ್ತದೆ ಹೇಳಿದಳು:

"ನೀವು ಆಡಿದ್ರಲ್ಲ ಸಾರ್, ಆನ್ ಆಗದೇ ಇರೋದು. ಅದೇ."