ಹಾ ಅನ್ರಿ

"ಹಾ ಅನ್ರಿ."

ವಿರೂಪಾಕ್ಷ ಹೊಸ್ತಿಲಲ್ಲೇ ಮಾಸ್ಕ್ ಇಳಿಸಿ, ಬಾಯಿ ತೆರೆದು ಉಸಿರು ಬಿಟ್ಟ. ಕುಡಿತ ಬಿಟ್ಟಾಗಿನಿಂದ ಇದೇ ಪದ್ಧತಿ. ಬೈಲಹೊಂಗಲದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮನುಷ್ಯ ತನ್ನ ಮನೆಯೊಳಗೆ ಕಾಲಿಡಬೇಕಾದರೆ ಹೆಂಡತಿಗೆ ಬಾಯಿ ಮೂಸಲು ಕೊಡಬೇಕು.

ಶೈಲಜಾ ಮೂಸಿದಳು. "ಬರ್ರಿ ಒಳಗ." ಹೋಗಿ ಮತ್ತೆ ಹಿಟ್ಟು ನಾದತೊಡಗಿದಳು.

ತಂದ ಹಾಲು ಇಡಲು ಅವನೂ ಅಡುಗೆಮನೆಗೆ ಹೋದ. ಸೀದ ನಾತ ಮೂಗಿಗೆ ಬಡಿಯಿತು. ಅವಳ ಮಗ್ಗುಲಲ್ಲೇ, ಮುಚ್ಚಿದ ಪಾತ್ರೆಯಲ್ಲಿ, ಬೇಳೆ ಕರಿ ಇದ್ದಿಲಾಗಿತ್ತು.

"ಬ್ಯಾಳಿ ಹೊತ್ತೈತಿ. ನಿನಗ ವಾಸನಿ ಬರಂಗಿಲ್ಲೇನು?"

ಅವಳು ಗ್ಯಾಸ್ ಆರಿಸಿದಳು. "ನೆಗಡಿ ಆಗೈತಿ."

"ಯಾವಾಗಿಂದ?"

"ಮೊನ್ನಿಯಿಂದ."

"ಮತ್ತ ಈಗ ಏನು ಮೂಸಿದಿ?"

ಅವಳು ಹಿಟ್ಟು ನಾದುತ್ತಲೇ ಇದ್ದಳು. ಹಣೆ ಮುಟ್ಟಿದ. ಸುಡುತ್ತಿತ್ತು.

ಓಣಿಯಲ್ಲಿ ಮನೆಮನೆಗೂ ಹೊಕ್ಕ ರೋಗ ತನ್ನ ಮನೆಗೂ ಬಂತೆಂದು ಅವನಿಗೆ ಹೆದರಿಕೆಯಾಯಿತು, ಖರೆ. ಆದರೆ ಅದು ಎರಡನೆಯ ವಿಚಾರ. ಮೊದಲು ಹೊಳೆದದ್ದೇ ಬೇರೆ. ಲಾಕ್‌ಡೌನಿನಲ್ಲೂ ವೈನ್‌ಶಾಪ್ ಬೆಳಿಗ್ಗೆ ಹತ್ತರವರೆಗೆ ತೆರೆದಿರುತ್ತದೆ. ಇನ್ನು ಕುಡಿದರೆ ಇವಳಿಗೆ ಗೊತ್ತಾಗುವುದಿಲ್ಲ. ಥೂ, ಎಂಥ ಮನುಷ್ಯ ನಾನು ಎಂದುಕೊಂಡ. ಎಂದುಕೊಳ್ಳುತ್ತಲೇ ಗಡಿಯಾರ ನೋಡಿದ.

"ಗುಳಿಗಿ ತರತೇನಿ."

"ಹತ್ತರ ಮ್ಯಾಲ ಹೋಗ್ರಿ."

"ಜ್ವರ ಬಂದಾವು ನಿನಗ."

"ಬರಲಿ. ಹತ್ತರ ಮ್ಯಾಲ ಹೋಗ್ರಿ."

"ನನ್ನ ಮ್ಯಾಲ ನಂಬಿಗಿ ಇಲ್ಲೇನು?"

"ನಿಮಗೈತೇನು?"

ಅವನು ಹೋಗಿ ಹೊಸ್ತಿಲ ಮೇಲೆ ಕುಳಿತ. ಅಂಬುಲೆನ್ಸೊಂದು ಬೆಳಗಾವಿಯ ಕಡೆ ಕೂಗುತ್ತಾ ಹೋಯಿತು. ಒಳಗೆ ಅವಳು ಕೆಮ್ಮಿದಾಗಲೆಲ್ಲ ಚೀಲ ಹಿಡಿದು ಎದ್ದ. ಎದ್ದವನು, ತಾನು ಯಾವ ಅಂಗಡಿಗೆ ಹೊರಟಿದ್ದೇನೆಂಬುದು ಖಾತ್ರಿಯಾಗದೆ ಮತ್ತೆ ಕುಳಿತ. ಮಾತ್ರೆಯ ಅಂಗಡಿಗೆ ಹೋಗುವ ದಾರಿಯಲ್ಲೇ ವೈನ್‌ಶಾಪೂ ಇತ್ತು. ಅವಳ ಕೆಮ್ಮು ಗಟ್ಟಿಯಾಗುತ್ತಿತ್ತು. ಹತ್ತು ಹೊಡೆಯಲು ಇನ್ನೂ ಬಹಳ ಹೊತ್ತಿತ್ತು.

ಶೈಲಜಾ ಗೋಡೆ ಹಿಡಿದುಕೊಂಡು ಬಂದು ಅವನ ಮುಂದೆ ಕುಳಿತಳು.

"ಹಾ ಅನ್ರಿ."

"ನಾ ಎಲ್ಲೂ ಹೋಗಿಲ್ಲ."

"ಗೊತ್ತೈತಿ. ಅನ್ರಿ."

ಉಸಿರು ಬಿಟ್ಟ. ಅವಳು ಕಣ್ಣು ಮುಚ್ಚಿ, ಮೂಗನ್ನು ಅವನ ತುಟಿಯ ಹತ್ತಿರ ತಂದು, ಎಳೆದುಕೊಂಡಳು. ಅವಳ ಎದೆಯೊಳಗೆ ಗೊರಗೊರ ಸಪ್ಪಳವಾಗುತ್ತಿತ್ತು.

"ಏನರ ಬಂತೇನು?" ಎಂದ.

"ಇನ್ನೊಮ್ಮೆ."

ಮತ್ತೆ ಬಿಟ್ಟ.

"ಇನ್ನೊಮ್ಮೆ."

ಆರಿದ ಒಲೆ ಊದುವವನಂತೆ ಅವನು ಅವಳ ಮುಖಕ್ಕೆ ಊದುತ್ತಲೇ ಹೋದ. ಮನೆ ತುಂಬಿದ್ದ ಸೀದ ನಾತ ಅವನೊಬ್ಬನಿಗೇ ಬರುತ್ತಿತ್ತು.