ನಾಲ್ಕು ಸಾವಿರದವಳು

ಸಿದ್ದಾಪುರದ ಉಲ್ಲಾಸ ಹೆಗಡೆಯ ಮುಖವನ್ನೇ ನೋಡದೆ ಎರಡು ವರ್ಷ ಅವನಿಗೆ ಹಿಡಿಶಾಪ ಹಾಕಿದ್ದೇನೆ. ಶಿರಸಿ, ಯಲ್ಲಾಪುರದ ಅಂಗಡಿ, ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಹದಿನೈದು ಸಾವಿರ ಎಂದ ಕೂಡಲೇ ಎದುರಿಗಿದ್ದವರು ನಗುತ್ತಿದ್ದರು. ನಾಲ್ಕು ಸಾವಿರಕ್ಕೆ ಮಾಡಿಕೊಡುವವರು ಇದ್ದಾರಂತಲ್ಲ! ಯಾರು ಎಂದರೆ ಗೊತ್ತಿಲ್ಲ, ಎಲ್ಲೋ ಕೇಳಿದ್ದು. ಈ ಕಸುಬಿನಲ್ಲಿ ನಾನು ಹೆಸರು ಕೇಳಿದ್ದವನು ಇನ್ನೊಬ್ಬನೇ, ಈ ಉಲ್ಲಾಸ. ಅವನೇ ಎಂದು ತೀರ್ಮಾನಿಸಿದೆ. ದರ ಕೆಡಿಸಿದ ಪಾಪಿ.

ಅವನನ್ನು ಮೊದಲು ಕಂಡದ್ದು ವೀರಪ್ಪನವರ ಅಂಗಡಿಯಲ್ಲಿ. ವೀರಪ್ಪನವರು ನಮ್ಮ ಬನವಾಸಿ ಕಡೆಯವರು, ಶಿರಸಿಯಲ್ಲಿ ಮೂವತ್ತು ವರ್ಷದಿಂದ ಅಡಿಕೆ ವ್ಯಾಪಾರ. ಈಗ ಕಾಳುಮೆಣಸು, ಜೇನುತುಪ್ಪವನ್ನು ಆನ್‌ಲೈನಿನಲ್ಲಿ ಮಾರುವ ಆಸೆ. ನಮ್ಮಿಬ್ಬರನ್ನೂ ಒಂದೇ ಹೊತ್ತಿಗೆ ಕರೆಸಿ, ಎದುರುಬದುರು ಕೂರಿಸಿ, ನಡುವೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟರು.

"ನನಗ ಚೌಕಾಸಿ ಬರಂಗಿಲ್ರಿ. ಅಡಿಕಿ ಟೆಂಡರ್ ಇದ್ದಂಗ. ಚೀಟ್ಯಾಗ ಹೆಸರು, ದರಾ ಬರೀರಿ, ಡಬ್ಬ್ಯಾಗ ಹಾಕ್ರಿ. ಕಡಿಮಿ ಬರದವ್ರಿಗೆ ಕೆಲಸ."

ನಮ್ಮ ಲ್ಯಾಪ್‌ಟಾಪ್‌ಗಳು ಚೀಲದಲ್ಲೇ ಇದ್ದವು. ತೆಗೆದು ತೋರಿಸಿ ಎಂದೂ ಅವರು ಹೇಳಲಿಲ್ಲ. ಆಗಲೇ ಎದ್ದು ಬರಬೇಕಿತ್ತು. ಆದರೆ ಎರಡು ತಿಂಗಳಿಂದ ನನಗೆ ಕೆಲಸವಿರಲಿಲ್ಲ. ಇದೂ ತಪ್ಪಿದರೆ ಬಾಡಿಗೆ ಕೋಣೆ ಬಿಟ್ಟು ಅಣ್ಣನ ಜೆರಾಕ್ಸ್ ಅಂಗಡಿಯಲ್ಲಿ ಕೂರಬೇಕಿತ್ತು. ಹದಿನೈದು ಸಾವಿರದಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ ಎಂದು ಬೆಳಿಗ್ಗೆಯಷ್ಟೇ ಅವ್ವನಿಗೆ ಹೇಳಿ ಬಂದಿದ್ದೆ. ಎದುರಿಗೆ ಉಲ್ಲಾಸ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದ. ನೋಡಿದಷ್ಟೂ ಮೈ ಉರಿಯಿತು. ನಾಲ್ಕು ಸಾವಿರ ತಾನೇ ನೀನು ಬರೆಯುವುದು? ತಗೋ. ಮೂರು ಸಾವಿರದ ಒಂಬೈನೂರು ಎಂದು ಬರೆದು ಡಬ್ಬಿಗೆ ಹಾಕಿದೆ.

ವೀರಪ್ಪನವರು ಕನ್ನಡಕ ಏರಿಸಿ ಮೊದಲ ಚೀಟಿ ಬಿಡಿಸಿದರು. "ಉಲ್ಲಾಸ ಹೆಗಡೇರು. ಹದಿನೆಂಟು ಸಾವಿರ."

ಅವರು ತಪ್ಪು ಓದಿದರು ಎಂದುಕೊಂಡೆ. ಅಷ್ಟರಲ್ಲಿ ಎರಡನೆಯದನ್ನೂ ಬಿಡಿಸಿದ್ದರು, ಮುಖ ಊರಗಲವಾಗಿತ್ತು.

"ಮೂರು ಸಾವಿರದ ಒಂಬತ್ನೂರು! ನಮ್ಮ ಅಕ್ಕನ ಮಗ ಗಿರೀಶ ಹೇಳಿದ್ದು ಖರೇನ ಐತಿ ಬಿಡು ತಂಗಿ. ಇಡಗುಂದಿಯೊಳಗ ಅವನ ಹೋಂಸ್ಟೇದ್ದು ನಾಲ್ಕು ಸಾವಿರಕ್ಕ ಮಾಡಿಕೊಟ್ಟಾಕಿ ನೀನ ಅಲ್ಲೇನು? ಸಿಕ್ಕವ್ರಿಗೆಲ್ಲಾ ಹೇಳ್ಕೋತ ಅಡ್ಡಾಡ್ತಾನ."

ಗಿರೀಶನದು ನನ್ನ ಮೊದಲ ಕೆಲಸ. ಕಲಿಯಲು ಮಾಡಿದ್ದು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ದರ ಯಾರಿಗೂ ಹೇಳುವುದಿಲ್ಲ ಎಂದು ಅವನು ಆಣೆ ಮಾಡಿದ್ದ, ನಾನು ನಂಬಿದ್ದೆ. ಆ ದರ ಮೂರು ತಾಲೂಕು ಸುತ್ತಿ ನನ್ನ ಬಾಗಿಲಿಗೇ ಬಂದಾಗ ನಾನು ಬೇರೆಯವನನ್ನು ಬಯ್ಯುತ್ತ ಕೂತಿದ್ದೆ. ತನ್ನ ಬೆನ್ನು ತನಗೆ ಕಾಣದು.

ಉಲ್ಲಾಸ ಪೆನ್ನು ಕೆಳಗಿಟ್ಟ. "ಆ ನಾಲ್ಕು ಸಾವ್ರದವರು ನೀವೇಯಾ? ಎರಡು ವರ್ಷದಿಂದ ಹುಡುಕ್ತಾ ಇದ್ದೆ ಮಾರಾಯ್ರೆ. ಎಂಟು ಕೆಲ್ಸ ಹೋತು ನಂದು, ನಿಮ್ಮ ದೆಸೆಯಿಂದ."

ಆ ದನಿಯಲ್ಲಿದ್ದ ದ್ವೇಷ ನನಗೆ ಚೆನ್ನಾಗಿ ಗೊತ್ತಿತ್ತು. ನಾನೂ ಅಷ್ಟೇ ದಿನ ಅದನ್ನೇ ಸಾಕಿದ್ದೆ. ನಾಚಿಕೆಯಾಯಿತು, ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ವೀರಪ್ಪನವರ ಕಡೆ ತಿರುಗಿದೆ.

"ಸಾವ್ಕಾರ್ರ, ಮೂವತ್ತು ವರ್ಷ ಟೆಂಡರ್ ಬರದೀರಿ. ಅಡಿಕಿ ದರಾ ಯಾರು ಬರೀತಾರ, ಬೆಳದವ್ರೋ ಕೊಳ್ಳವ್ರೋ?"

"ಕೊಳ್ಳವ್ರು."

"ಮಾಲ್ ನೋಡದನ ಬರೀತೀರೇನು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ದರಾ ಒಪ್ಪಲಿಲ್ಲಂದ್ರ ಬೆಳದವ್ರು ಮಾಲ್ ಕೊಡಂಗಿಲ್ಲ. ಇಲ್ಲಿ ಮಾಲ್ ನಂದು, ಅದನ್ನ ನೋಡದನ ನನ್ನ ಕಡಿಂದ ದರಾ ಬರಸೀರಿ. ಈ ದರಾ ನನಗ ಒಪ್ಪಿಗಿಲ್ಲ."

ಮೇಜಿನ ಮೇಲಿದ್ದ ನನ್ನ ಚೀಟಿಯನ್ನು ಎತ್ತಿಕೊಂಡು ಹರಿದು ಹಾಕಿದೆ. ಜೆರಾಕ್ಸ್ ಅಂಗಡಿಯಾದರೆ ಜೆರಾಕ್ಸ್ ಅಂಗಡಿ. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ವೀರಪ್ಪನವರು ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿಯನ್ನು ಉಲ್ಲಾಸನ ಕಡೆ ತಿರುಗಿಸಿದರು, ಅಷ್ಟೆ.

"ಚೀಟಿ ಹರದ್ರೇನಾತು, ದರಾ ಗೊತ್ತಾತಲ್ಲ. ನೀವು ಮಾಡ್ತೀರೇನ್ರಿ ಹೆಗಡೇರ, ಮೂರು ಸಾವಿರದ ಒಂಬತ್ನೂರಕ್ಕ?"

ಆಗುವುದಿಲ್ಲ ಅನ್ನು ಎಂದು ಮನಸ್ಸಿನಲ್ಲೇ ಕೂಗಿದೆ. ಎರಡು ವರ್ಷ ಶಪಿಸಿದವನ ಮುಖವನ್ನು ಅಂಗಲಾಚುವ ಹಾಗೆ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ, ಕಣ್ಣು ಕದಲಿಸದೆ.

"ಮಾಡ್ಕೊಡ್ತೇನೆ," ಎಂದ.