ಎರಡನೇ ಡಿಸ್ಕು

ಹೊಟ್ಟೆ ಉರೀತು ಅಂತ ನಾಚಿಕೆ ಬಿಟ್ಟೇ ಹೇಳ್ತೀನಿ ಕಣ್ರೀ. ಉರಿಯದೆ ಇನ್ನೇನು? ನಾನು ಮದುವೆಯಾಗಿ ಬಂದಾಗಿನಿಂದ ನಮ್ಮತ್ತೆ ಚಲುವಮ್ಮ ಇರೋದು ಕುಂಬಾರಕೊಪ್ಪಲಿನ ನಮ್ಮ ಮನೇಲಿ. ಅವರಿಗೆ ಮುದ್ದೆ ಎಷ್ಟು ಮೆತ್ತಗಿರಬೇಕು, ಪೂಜೆಗೆ ಕೂತಾಗ ವಿಭೂತಿ ಎಲ್ಲಿಟ್ಟರೆ ಕೈಗೆ ಸಿಗುತ್ತೆ, ಎಲ್ಲ ನೋಡ್ಕೊಳ್ಳೋಳು ನಾನು. ಸರಸ್ವತಿಪುರಂನಲ್ಲಿರೋ ನನ್ನ ಓರಗಿತ್ತಿ ಬಿಂದುಶ್ರೀಗೆ ಏನು ಗೊತ್ತು? ನನ್ನ ಮೈದುನ ಮಹಾಂತೇಶನ್ನ ಮದುವೆಯಾಗಿ ಬಂದು ಅವಳಿಗೆ ಇನ್ನೂ ಮೈಮೇಲಿನ ಅರಿಶಿನ ಆರಿಲ್ಲ.

ಸಿನಿಮಾ ಡಿಸ್ಕುಗಳೂ ನಮ್ಮವೇ. ನಮ್ಮ ಯಜಮಾನ್ರು ಒಂದೊಂದಾಗಿ ತಂದು ಬೀರು ತುಂಬಿಸಿದ್ದು. ಪ್ಲೇಯರ್ ಕೆಟ್ಟು ಕೂತಾಗ ‘ರಿಪೇರಿ ಮಾಡಿಸ್ರೀ’ ಅಂದ್ರೆ, ‘ಈಗ ಅದನ್ನ ಯಾರೇ ಮುಟ್ತಾರೆ’ ಅಂದ್ರು. ಅತ್ತೆಗೆ ಫೋನಲ್ಲಿ ನೋಡಿದ್ರೆ ಕಣ್ಣುನೋವು, ಮಧ್ಯೆ ಮಧ್ಯೆ ಜಾಹೀರಾತು ಬಂದ್ರೆ ಕೋಪ.

ಇದು ಬಿಂದು ಕಿವಿಗೆ ಬಿತ್ತು. ಅವಳ ಲ್ಯಾಪ್‌ಟಾಪಲ್ಲಿ ಡಿಸ್ಕ್ ಹಾಕೋ ಜಾಗವೇ ಇಲ್ಲ. ತೆಳ್ಳಗೆ ಕಪ್ಪಗಿರೋ ಡ್ರೈವ್ ಒಂದನ್ನ ತರಿಸಿದಳು, ವೈರು ಸಿಕ್ಕಿಸಿದಳು, ಮೊದಲು ಓಡಲ್ಲ ಅಂದಿದ್ದಕ್ಕೆ ಲ್ಯಾಪ್‌ಟಾಪಿಗೆ ಯಾವುದೋ ಬೇರೆ ಪ್ಲೇಯರ್ ಸಾಫ್ಟ್‌ವೇರ್ ಇಳಿಸ್ಕೊಂಡು ಓಡಿಸೇಬಿಟ್ಟಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ! ಭಾನುವಾರ ಬಂತು ಅಂದ್ರೆ ಮಹಾಂತೇಶ ಸ್ಕೂಟರ್ ತಂದು ಅತ್ತೇನ ಕರ್ಕೊಂಡು ಹೋಗೋನು. ಆಮೇಲೆ ವಾರವೆಲ್ಲ ಅತ್ತೆದು ಒಂದೇ ಮಂತ್ರ.

‘ಬಿಂದು ಹಾಕ್ಬುಟ್ರೆ ಎಷ್ಟು ಚೆಂದಾಗಿ ಕಾಣ್ತದೆ ಕಣೇ ಕುಸುಮಾ. ನಮ್ಮನೇಲೇ ಬಂದಿದ್ದುಬುಡಿ ಅಂತಾವ್ರೆ ಗಂಡ-ಹೆಂಡ್ತಿ ಇಬ್ರೂ. ಯೋಚ್ನೆ ಮಾಡ್ಬೇಕು.’

ಯೋಚ್ನೆ ಮಾಡ್ಬೇಕಂತೆ! ಅತ್ತೆ ಇಲ್ಲದ ಮನೇಲಿ ನಾನು ಯಾರಿಗೆ ಬೇಕು?

ಆಗಿನ ಸಿನಿಮಾ ಎರಡು ಡಿಸ್ಕಲ್ಲಿ ಬರೋದು. ಇಂಟರ್ವಲ್ ತನಕ ಒಂದು, ಆಮೇಲಿನದಕ್ಕೆ ಇನ್ನೊಂದು. ಹೋದ ಭಾನುವಾರ ಅತ್ತೆಗೆ ಬಲು ಇಷ್ಟವಾದ ಅಣ್ಣ-ತಂಗಿ ಕಥೆ ಹುಡುಕಿ, ಮೊದಲನೇದನ್ನ ಮಾತ್ರ ಡಬ್ಬೀಲಿಟ್ಟು ಕಳಿಸಿದೆ. ಎರಡನೇದು ನನ್ನ ಸೀರೆ ಮಡಿಕೆಯೊಳಗೆ. ಅರ್ಧಕ್ಕೆ ನಿಂತ್ರೆ ಅತ್ತೆ ಸಿಡುಕ್ತಾರೆ, ಅವಳನ್ನ ಬೈದು ಎದ್ದು ಬರ್ತಾರೆ, ‘ನಮ್ಮ ಕುಸುಮಾನೇ ವಾಸಿ’ ಅಂತಾರೆ. ಹಂಗಂದುಕೊಂಡಿದ್ದೆ.

ಸಂಜೆ ಬಿಂದು ಫೋನ್ ಮಾಡಿದಳು. ‘ಅಕ್ಕಾ, ಎರಡನೇ ಡಿಸ್ಕ್ ಇಲ್ವಲ್ಲ?’

‘ಹಾಕಿದ್ದೆ ಕಣೆ. ನಿಮ್ಮನೇಲೇ ಎಲ್ಲೋ ಬಿದ್ದಿರ್ಬೇಕು ನೋಡು’ ಅಂದೆ. ಹುಡುಕಲಿ ಅಂತ ಒಳಗೊಳಗೇ ಖುಷಿ.

ಸ್ವಲ್ಪ ಹೊತ್ತಿಗೆ ಅತ್ತೆದೇ ಫೋನು. ‘ಕುಸುಮಾ, ಹುಡುಗಿ ಮಂಚ ಎಲ್ಲಾ ಸರಿಸಿ ಹುಡುಕ್ತಾವ್ಳೆ, ಕಣ್ಣಲ್ಲಿ ನೀರು ಬಂದ್ಬುಟ್ಟದೆ. ಇವತ್ತು ಇಲ್ಲೇ ಇರ್ತೀನಿ ಬುಡು.’

ಅಯ್ಯೋ ಶಿವನೇ! ಬೈಸೋಕೆ ಹೋಗಿ ಅಲ್ಲೇ ಉಳಿಸಿಬಿಟ್ಟೆನಲ್ಲ! ಇವತ್ತು ಒಂದು ರಾತ್ರಿ ಇದ್ದವರು ನಾಳೆ ಪೆಟ್ಟಿಗೆ ತರಿಸ್ಕೊಳ್ಳಲ್ಲ ಅಂತ ಏನು ಗ್ಯಾರಂಟಿ? ಡಿಸ್ಕನ್ನ ಚೀಲಕ್ಕೆ ತುರುಕಿ ಆಟೋ ಹತ್ತಿದೆ. ‘ಸೋಫಾ ಸಂದೀಲಿತ್ತು ನೋಡೇ’ ಅಂತ ನಾನೇ ತೆಗೆದು ಕೊಡೋದು, ಸಿನಿಮಾ ಮುಗಿಸೋದು, ಅತ್ತೇನ ಕರ್ಕೊಂಡು ಮನೆಗೆ ಬರೋದು.

ಬಾಗಿಲು ತೆಗೆದೇ ಇತ್ತು. ಲ್ಯಾಪ್‌ಟಾಪ್ ಮುಚ್ಚಿತ್ತು. ಬಿಂದು ಅತ್ತೆ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ಅತ್ತೆ ಅವಳ ಕೂದಲಲ್ಲಿ ಕೈಯಾಡಿಸ್ತಾ ಉಳಿದರ್ಧ ಕಥೆ ಹೇಳ್ತಾ ಇದ್ದಾರೆ. ತಂಗಿ ಅತ್ತರೆ ತಂಗಿ ಥರ, ಸಾಹುಕಾರ ಗದರಿದರೆ ಸಾಹುಕಾರನ ಥರ ದನಿ ತೆಗೆದು! ನನ್ನ ಹತ್ತಿರ ಇಷ್ಟು ವರ್ಷ ಆಯಮ್ಮ ಆಡಿದ್ದು ‘ಹಾಲು ಉಕ್ತದೆ ನೋಡು’, ‘ಗ್ಯಾಸ್ ಬುಕ್ ಮಾಡ್ದಾ’, ಇಷ್ಟೇ. ಒಂದು ದಿನ ಒಂದು ಕಥೆ ಹೇಳಿದ್ದಿಲ್ಲ.

‘ಬಂದ್ರಾ ಅಕ್ಕಾ! ಡಿಸ್ಕ್ ಸಿಗದೆ ಇದ್ದಿದ್ದೇ ಒಳ್ಳೇದಾಯ್ತು ನೋಡಿ’ ಅಂದಳು ಬಿಂದು, ಮಲಗಿದ್ದ ಕಡೆಯಿಂದಲೇ.

‘ಕೂತ್ಕೋ ಕುಸುಮಾ, ಮುಗಿಯೋಗಂಟ ಮಾತಾಡ್ಬೇಡ’ ಅಂದ್ರು ಅತ್ತೆ.

ಚೀಲ ಎದೆಗೆ ಅವುಚ್ಕೊಂಡು ಬಾಗಿಲ ಹತ್ತಿರವೇ ಕೂತೆ. ಅತ್ತೆಯ ಇನ್ನೊಂದು ತೊಡೆ ಖಾಲಿ ಇತ್ತು. ಹೋಗಿ ತಲೆ ಇಡೋಕೆ ಮನಸ್ಸಿತ್ತು, ಧೈರ್ಯ ಬರಲಿಲ್ಲ.